ಸ್ಟ್ರೀಕ್ ಹೋಗುತ್ತೆ ಮಾವ!

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಅರಸೀಕೆರೆ ತಾಲೂಕಿನ ತೆಂಗಿನ ಸೀಮೆ ನಮ್ಮದು. ಬಾಗಿನ ತಗೊಳ್ಳೋಕೆ ಅಂತ ಅಕ್ಕ, ಜೊತೆಗೆ ಭಾವ, ಮಕ್ಕಳು ಎಲ್ಲ ನಮ್ಮನೆಗೇ ಬಂದಿದ್ದರು. ಅಕ್ಕನ ಮಗಳು ಏಳನೇ ಕ್ಲಾಸು. ಹಬ್ಬದ ಹಿಂದಿನ ದಿನ ಹುಡುಗಿಗೆ ಮೈ ಕಾದಿತ್ತು. ಅವ್ವ ಗಂಜಿ ಕುಡಿಸಿ, ಕಂಬಳಿ ಹೊದಿಸಿ, ನಡುಮನೆಯಲ್ಲಿ ಮಲಗಿಸಿದ್ದಳು. ರಾತ್ರಿ ಎಂಟು ನಲವತ್ತಕ್ಕೆ ಭಾವನ ಫೋನು ಟಿಣ್ ಅಂತು. ಅಲ್ಲೀತನಕ ಮುಲುಗುತ್ತಾ ಬಿದ್ದಿದ್ದ ಹುಡುಗಿ ದಡಕ್ಕನೆ ಎದ್ದು ಕೂತಳು.

'ಮಲಗೇ, ಜ್ವರ ಐತೆ' ಅಂದೆ.

'ಸ್ಟ್ರೀಕ್ ಹೋಗುತ್ತೆ ಮಾವ! ನೂರಾ ನಲವತ್ತೆರಡು ದಿನ ಆಗೈತೆ.'

ಸ್ಟ್ರೀಕ್ ಅಂದರೇನು ಅಂತ ಗೊತ್ತಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ. ಪಾಠ ಕಲಿಸುವ ಆಪ್‌ಗಳಲ್ಲಿ ದಿನಾ ತಪ್ಪದೆ ಒಂದು ಪಾಠ ಮುಗಿಸಿದರೆ ಒಂದೊಂದು ದಿನ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಒಂದು ದಿನ ತಪ್ಪಿತೋ, ಲೆಕ್ಕ ಸೊನ್ನೆ. ಎಂಟು ನಲವತ್ತಕ್ಕೆ 'ಇವತ್ತಿನ ಪಾಠ ಇನ್ನೂ ಬಾಕಿ ಇದೆ' ಅಂತ ಒಂದು ಸೂಚನೆ ಬರುತ್ತದೆ. ಆ ಸೂಚನೆ ಕಳಿಸುವ ಕೋಡು ಬರೆದವನು ನಾನು. ಎಂಟು ನಲವತ್ತು ಯಾಕೆ ಅಂದರೆ, ಊಟ ಮುಗಿದಿರುತ್ತೆ, ಅಪ್ಪನ ಫೋನು ಕೈಗೆ ಸಿಕ್ಕಿರುತ್ತೆ, ನಿದ್ದೆ ಇನ್ನೂ ಬಂದಿರೋಲ್ಲ. ಬೇರೆ ಬೇರೆ ಹೊತ್ತಿನಲ್ಲಿ ಕಳಿಸಿ ನೋಡಿ ನಾವು ಕಂಡುಕೊಂಡ ಸತ್ಯ ಅದು. ಬಿಟಿಎಂ ಲೇಔಟಿನ ಆಫೀಸಿನ ಪರದೆಯ ಮೇಲೆ ಅದೊಂದು ಚೆಂದದ ಏರುಗೆರೆಯಾಗಿ ಕಂಡಿತ್ತು. ಜ್ವರದಲ್ಲಿ ಎದ್ದು ಕೂತ ಹುಡುಗಿಯ ಥರ ಕಂಡಿರಲಿಲ್ಲ.

ಪಾಠ ಎರಡು ನಿಮಿಷದಲ್ಲಿ ಮುಗಿಯಿತು. ಪಕ್ಕದಲ್ಲಿ ಕೂತು ನೋಡಿದೆ. ಭಿನ್ನರಾಶಿಯ ಲೆಕ್ಕ. ಅವಳು ಪ್ರಶ್ನೆ ಓದಲೇ ಇಲ್ಲ. ಯಾವುದೋ ಒಂದು ಉತ್ತರ ಒತ್ತಿದಳು, ಕೆಂಪು. ಇನ್ನೊಂದು ಒತ್ತಿದಳು, ಕೆಂಪು. ಆಗ ಸುಳಿವು ಬಂತು. ಸುಳಿವಿನಲ್ಲಿ ಮುಕ್ಕಾಲು ಪಾಲು ಉತ್ತರವೇ ಇತ್ತು. ಅದನ್ನ ನೋಡಿ ಒತ್ತಿದಳು, ಹಸಿರು. ಬಣ್ಣದ ಕಾಗದದ ಚೂರುಗಳು ಉದುರಿದವು. 'ಎರಡು ಸಲ ತಪ್ಪು ಒತ್ತಿದ್ರೆ ಅದೇ ಹೇಳ್ಕೊಡುತ್ತೆ ಮಾವ' ಅಂತ ದೊಡ್ಡ ಗುಟ್ಟು ಹೇಳುವವಳ ಹಾಗೆ ಪಿಸುಗುಟ್ಟಿದಳು. ಗುಟ್ಟು ನನಗೆ ಗೊತ್ತಿತ್ತು. ಮೊದಲು ಮೂರು ತಪ್ಪಿಗೆ ಬರುತ್ತಿದ್ದ ಸುಳಿವನ್ನು ಎರಡಕ್ಕೆ ಇಳಿಸಿದ್ದು ನಮ್ಮ ತಂಡವೇ. ಮೂರನೇ ತಪ್ಪಿಗೆ ಮಕ್ಕಳು ಬೇಜಾರಾಗಿ ಆಪ್ ಮುಚ್ಚುತ್ತಿದ್ದರು. ಎರಡಕ್ಕೆ ಇಳಿಸಿದ ಮೇಲೆ ಪಾಠ 'ಪೂರ್ತಿ' ಮಾಡುವವರು ಹೆಚ್ಚಾದರು. ಎಲ್ಲರಿಗೂ ಖುಷಿಯಾಗಿತ್ತು, ನನಗೂ.

ಮಾರನೇ ದಿನ ಜ್ವರ ಇಳಿದಿತ್ತು. ಪೂಜೆ ಮುಗಿದ ಮೇಲೆ ಸುಮ್ಮನೆ ಒಂದು ಹಾಳೆಯ ಮೇಲೆ 3/4ಕ್ಕೆ 1/2 ಕೂಡಿಸು ಅಂದೆ. ಥಟ್ಟಂತ 4/6 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು.

ತಪ್ಪು ಅಂತ ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಮೂಲೆಯಲ್ಲಿ ಅವ್ವನ ರಾಗಿ ಡಬ್ಬದ ಮೇಲಿದ್ದ ಪಾವು ಕಣ್ಣಿಗೆ ಬಿತ್ತು. ಹೊಸ ಕಾಲದವರಿಗೆ ಗೊತ್ತಿರಲಿಕ್ಕಿಲ್ಲ: ನಾಲ್ಕು ಪಾವು ಸೇರಿದರೆ ಒಂದು ಸೇರು, ಎರಡು ಪಾವಿಗೆ ಒಂದು ಅಚ್ಚೇರು. 'ಮುಕ್ಕಾಲು ಸೇರು ಅಂದ್ರೆ ಎಷ್ಟು ಪಾವು?' 'ಮೂರು.' 'ಅಳಿ.' ಅಳೆದು ಮೊರಕ್ಕೆ ಸುರಿದಳು. 'ಈಗ ಅರ್ಧ ಸೇರು ಹಾಕು.' ಅಚ್ಚೇರು ತುಂಬಿಸಿ ಸುರಿದಳು. 'ಈಗ ಮೊರದಲ್ಲಿರೋದು ಮುಕ್ಕಾಲು ಸೇರಿಗಿಂತ ಜಾಸ್ತಿನಾ ಕಮ್ಮಿನಾ?' ನನ್ನ ಮುಖ ನೋಡಿದಳು, ಹುಚ್ಚನನ್ನು ನೋಡುವ ಹಾಗೆ. 'ಜಾಸ್ತಿ ಕಣ್ ಮಾವ!' 'ಸರಿ, ನೀನು ಬರೆದಿರೋ ನಾಲ್ಕು ಬಟ್ಟಾ ಆರು?' ಹಾಳೆ ನೋಡಿದಳು. ಮೊರ ನೋಡಿದಳು. ಒಂದು ಸೇರನ್ನ ಆರು ಪಾಲು ಮಾಡಿ ಅದರಲ್ಲಿ ನಾಲ್ಕು ಅಂದ್ರೆ... ಬೆರಳು ಮಡಿಸಿದಳು. ತುಂಬ ಹೊತ್ತು ಆಯಿತು. ಅವ್ವ ಒಳಗಿಂದ, 'ಹಬ್ಬದ ದಿನ ಮಗೂನ ಯಾಕೋ ಗೋಳು ಹುಯ್ಕತೀಯ' ಅಂದಳು. ಕೊನೆಗೆ ಹುಡುಗಿ ಮೆಲ್ಲಗೆ, 'ಹಾಕಿದ ಮ್ಯಾಲೆ ಕಮ್ಮಿ ಆಗ್ಬುಡ್ತಲ್ಲ' ಅಂದಳು. ಹಾಳೆ ಮೇಲಿದ್ದುದನ್ನು ತಾನೇ ಹೊಡೆದುಹಾಕಿ ಐದು ಪಾವು, ಒಂದೂಕಾಲು ಸೇರು ಅಂತ ಬರೆದಳು.

ಇಪ್ಪತ್ತು ನಿಮಿಷಕ್ಕೆ ಒಂದು ಲೆಕ್ಕ. ನಮ್ಮ ಆಪ್‌ನಲ್ಲಿ ಇದೇನಾದರೂ ಆಗಿದ್ದರೆ ಇದಕ್ಕೊಂದು ಹೆಸರಿದೆ. ಕಾರ್ಯಕ್ಷಮತೆ ಇಲ್ಲದ ಪಾಠ ಅಂತ ಅದನ್ನು ಕಿತ್ತು ಹಾಕುತ್ತಿದ್ದೆವು.

ಬೆಂಗಳೂರಿಗೆ ಬಂದ ಮೇಲೂ ಇದು ತಲೆಯಿಂದ ಹೋಗಲಿಲ್ಲ. ನನ್ನ ಪ್ರಶ್ನೆ ಸರಳ. ನಾವು ಯಾರಿಗೂ ಸುಳ್ಳು ಹೇಳಿಲ್ಲ. ಮಗುವಿಗೆ ಖುಷಿ, 'ದಿನಾ ಓದ್ತಾಳೆ' ಅಂತ ಅಪ್ಪ ಅಮ್ಮನಿಗೆ ಖುಷಿ, ಕಂಪನಿಗೆ ಖುಷಿ. ಎಲ್ಲರೂ ಖುಷಿಯಾಗಿರುವ ಒಂದು ಕೆಲಸದಲ್ಲಿ ತಪ್ಪು ಇರೋಕೆ ಸಾಧ್ಯವಾ? ಇದ್ದರೆ ಅದು ಎಲ್ಲಿದೆ?

ಕಂಪ್ಯೂಟರಿನಿಂದ ಪಾಠ ಹೇಳಿಕೊಡುವುದು ನಮ್ಮ ಕಾಲದ ಸ್ಟಾರ್ಟಪ್‌ಗಳು ಕಂಡುಹಿಡಿದದ್ದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1960ರಲ್ಲೇ ಪ್ಲೇಟೋ ಅಂತ ಒಂದು ವ್ಯವಸ್ಥೆ ಶುರುವಾಯಿತು. ಅದನ್ನು ಕಟ್ಟಿದ ಡೊನಾಲ್ಡ್ ಬಿಟ್ಜರ್ ಆಗಿನ್ನೂ 26ರ ಹುಡುಗ. ಎಪ್ಪತ್ತರ ದಶಕಕ್ಕೆ ಬರುವಷ್ಟರಲ್ಲಿ ಬೆರಳಿಂದ ಮುಟ್ಟುವ ಪರದೆ, ಪ್ಲಾಸ್ಮಾ ಡಿಸ್‌ಪ್ಲೇ, ಒಬ್ಬರಿಗೊಬ್ಬರು ಟೈಪು ಮಾಡಿ ಮಾತಾಡುವ ವ್ಯವಸ್ಥೆ ಎಲ್ಲಾ ಅಲ್ಲಿ ಇದ್ದವು. ಅದರ ಕೀಬೋರ್ಡಿನಲ್ಲಿ 'ನೆಕ್ಸ್ಟ್', 'ಬ್ಯಾಕ್', 'ಹೆಲ್ಪ್' ಅಂತಲೇ ಬೇರೆ ಬೇರೆ ಕೀಲಿಗಳಿದ್ದವಂತೆ. ಸಹಾಯ ಬೇಕಾದರೆ ವಿದ್ಯಾರ್ಥಿ ಕೇಳಬೇಕು.

ಪ್ಲೇಟೋದ ಚಿಕ್ಕ ಮಕ್ಕಳ ಗಣಿತದ ಪಾಠಗಳಲ್ಲಿ ಶರೋನ್ ಡಗ್‌ಡೇಲ್ ಮಾಡಿದ ಡಾರ್ಟ್ಸ್ ಅಂತ ಒಂದು ಆಟ ಇತ್ತು. ಪರದೆಯ ಮೇಲೆ ಒಂದು ಸಂಖ್ಯಾರೇಖೆ. ಅದಕ್ಕೆ ಅಲ್ಲಲ್ಲಿ ಬಲೂನು ಕಟ್ಟಿದೆ. ಬಲೂನು ಎಲ್ಲಿದೆ ಅಂತ ಊಹಿಸಿ ಮಗು ಒಂದು ಭಿನ್ನರಾಶಿ ಟೈಪು ಮಾಡಬೇಕು. ಮಾಡಿದರೆ ಒಂದು ಬಾಣ ಹಾರಿ ಬಂದು ಆ ಸಂಖ್ಯೆ ಇರುವ ಜಾಗಕ್ಕೇ ಚುಚ್ಚಿಕೊಳ್ಳುತ್ತದೆ. ಬಲೂನು ಅಲ್ಲಿದ್ದರೆ ಒಡೆಯುತ್ತದೆ. ಇಲ್ಲದಿದ್ದರೆ ಬಾಣ ಅಲ್ಲೇ ನಿಂತಿರುತ್ತದೆ, 'ನೀನು ಹೇಳಿದ ಮೂರನೇ ಒಂದು ಇಲ್ಲಿದೆ ನೋಡು' ಅಂತ. ಓಹೋ, ಇನ್ನೂ ಸ್ವಲ್ಪ ಮುಂದೆ ಹೋಗಬೇಕು ಅಂತ ಮಗು ತಾನೇ ಇನ್ನೊಂದು ಸಂಖ್ಯೆ ಹುಡುಕುತ್ತದೆ. ಇದರ ಬಗ್ಗೆ ಓದಿದಾಗ ನನಗೆ ನಮ್ಮನೆಯ ಮೊರ ನೆನಪಾಯಿತು. ಅಲ್ಲಿ ತಪ್ಪು ಉತ್ತರಕ್ಕೂ ಒಂದು ಜಾಗ ಇದೆ, ಅದನ್ನು ನೋಡಬಹುದು. ನಮ್ಮ ಆಪ್‌ನಲ್ಲಿ ತಪ್ಪು ಉತ್ತರ ಅಂದರೆ ಒಂದು ಕೆಂಪು ಬಣ್ಣ, ಅಷ್ಟೇ. 4/6 ಒತ್ತಿದರೂ ಕೆಂಪೇ, 100 ಒತ್ತಿದರೂ ಕೆಂಪೇ.

ಹಾಗಂತ ಹಳಬರೆಲ್ಲ ಋಷಿಗಳು ಅಂತ ಹೇಳುತ್ತಿಲ್ಲ. ಪ್ಲೇಟೋದಲ್ಲಿ ರಾತ್ರಿಯಿಡೀ ಯುದ್ಧದ ಆಟ ಆಡುತ್ತಾ ಕೂತು ಓದು ಹಾಳು ಮಾಡಿಕೊಂಡ ಹುಡುಗರೂ ಇದ್ದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅದಕ್ಕೆ ಅಲ್ಲಿನ ಸರ್ಕಾರದ ವಿಜ್ಞಾನ ಪ್ರತಿಷ್ಠಾನ ದುಡ್ಡು ಕೊಟ್ಟಿತ್ತು. ಜೊತೆಗೆ ಪರೀಕ್ಷೆ ನಡೆಸುವುದೇ ಕಸುಬಾದ ಇಟಿಎಸ್ ಎಂಬ ಹೊರಗಿನ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿತು. 1977ರಲ್ಲಿ ಬಂದ ವರದಿ, ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೂ ಮೇಷ್ಟ್ರುಗಳಿಗೂ ಪ್ಲೇಟೋ ಇಷ್ಟವಾಗಿದೆ, ಆದರೆ ಕಲಿಕೆಯಲ್ಲಿ ಹೆಚ್ಚು ಕಮ್ಮಿ ಅಂತ ಹೇಳುವಂಥ ಒಂದೇ ರೀತಿಯ ಪರಿಣಾಮ ಕಾಣಲಿಲ್ಲ ಅಂತ ಹೇಳಿತು. ಇಷ್ಟವಾಗುವುದು ಒಂದು, ಕಲಿಯುವುದು ಇನ್ನೊಂದು. ಅವೆರಡನ್ನೂ ಬೇರೆ ಬೇರೆ ಅಳೆದರು. ಅಳೆದವರು ಹೊರಗಿನವರು. ಅದನ್ನು ಅಚ್ಚು ಹಾಕಿಸಿದರು. ನಮ್ಮಲ್ಲಿ ಅಳೆಯುವವರೂ ನಾವೇ, ಅಳತೆಪಾತ್ರೆ ಮಾಡುವವರೂ ನಾವೇ. ಸಂತೆಯಲ್ಲಿ ಹೀಗೆ ಮಾಡಿದರೆ ತೂಕ-ಅಳತೆ ಇಲಾಖೆಯವರು ಬರುತ್ತಾರೆ.

ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಬೆಂಗಳೂರಲ್ಲೇ ನೋಡಿ. ಬನಶಂಕರಿಯಲ್ಲಿ ಹಸಿರು ಮಾರ್ಗದ ಮೆಟ್ರೋ ಹತ್ತಿದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ನಿನಲ್ಲಿ ಇಳಿದು ಐಐಎಸ್‌ಸಿಗೆ ಹೋಗಬಹುದು. ಹಳಬರ ಬಾಯಲ್ಲಿ ಅದು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್. 1950ರ ದಶಕದಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದ ವಿ. ರಾಜಾರಾಮನ್ ಅಲ್ಲಿನ ಮೊದಲ ಅನಲಾಗ್ ಕಂಪ್ಯೂಟರ್ ಕಟ್ಟುವ ಕೆಲಸದಲ್ಲಿ ಕೈಜೋಡಿಸಿದವರು. ಆಮೇಲೆ ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಶುರು ಮಾಡಿದರು. 1982ರಲ್ಲಿ ಐಐಎಸ್‌ಸಿಗೆ ವಾಪಸ್ ಬಂದು ಸೂಪರ್‌ಕಂಪ್ಯೂಟರ್ ಕೇಂದ್ರ ಕಟ್ಟಿದರು. ಎಂಸಿಎ ಅನ್ನೋ ಕೋರ್ಸು ಹುಟ್ಟಿದ್ದರ ಹಿಂದೆಯೂ ಅವರಿದ್ದಾರೆ. ನನಗೆ ಅವರು ಗೊತ್ತಾಗಿದ್ದು ಇದ್ಯಾವುದರಿಂದಲೂ ಅಲ್ಲ. ಬಿಇ ಮೊದಲ ವರ್ಷದಲ್ಲಿ ಅವೆನ್ಯೂ ರೋಡಿನ ಹಳೇ ಪುಸ್ತಕದ ಅಂಗಡಿಯಲ್ಲಿ ಕೊಂಡ ಸಿ ಪ್ರೋಗ್ರಾಮಿಂಗ್ ಪುಸ್ತಕದ ರಟ್ಟಿನ ಮೇಲಿನ ಹೆಸರಾಗಿ ಗೊತ್ತು. 'ಈಸ್ಟರ್ನ್ ಎಕಾನಮಿ ಎಡಿಶನ್' ಅಂತ ಇತ್ತು. ಕನ್ನಡ ಮೀಡಿಯಂನಿಂದ ಬಂದ ನನಗೆ ಕ್ಲಾಸಿನ ಇಂಗ್ಲಿಷು ತಲೆ ಮೇಲೆ ಹೋಗುತ್ತಿದ್ದ ಕಾಲದಲ್ಲಿ ಅರ್ಥವಾಗುವ ಹಾಗೆ ಬರೆದಿದ್ದ ಪುಸ್ತಕ ಅದೊಂದೇ. ಹಾಸ್ಟೆಲ್ಲಿನಲ್ಲಿ ಆರು ಜನ ಓದಿದೆವು. ಕೊನೆಗೆ ನಾನೂ ಅದನ್ನು ಜೂನಿಯರ್ ಒಬ್ಬನಿಗೆ ಕೊಟ್ಟೆ. ಯಾಕಂದರೆ ನನಗದು ಬೇಕಾಗಿರಲಿಲ್ಲ. ಬರೆದವರಿಗೆ ನಾನು ಆ ಪುಸ್ತಕ ಬಿಟ್ಟೆ ಅಂತ ನಷ್ಟವೇನೂ ಆಗಲಿಲ್ಲ.

ಅದೇ ಐಐಎಸ್‌ಸಿಯ ನಾಲ್ಕು ಜನ ಮೇಷ್ಟ್ರುಗಳು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್ ಮತ್ತು ರಮೇಶ್ ಹರಿಹರನ್, ಎನ್‌ಕೋರ್ ಎಂಬ ಕಂಪನಿಯವರ ಜೊತೆ ಸೇರಿ ಸಿಂಪ್ಯೂಟರ್ ಮಾಡಿದರು. 2001ರಲ್ಲಿ ಅದರ ಮಾದರಿ ಹೊರಬಂತು. ಅಂಗೈ ಅಗಲದ ಕಂಪ್ಯೂಟರ್, ಒಳಗೆ ಲಿನಕ್ಸ್, ಬೆಲೆ ಒಂಬತ್ತು ಸಾವಿರದ ಆಸುಪಾಸು ಇರಬೇಕು ಅನ್ನೋದು ಆಸೆ. ಈಗಿನ ಸ್ಮಾರ್ಟ್‌ಫೋನಿನ ಅಣ್ಣ ಅನ್ನಿ. ಆದರೆ ಅದರಲ್ಲಿದ್ದ ಒಂದು ಯೋಚನೆ ಈಗಿನ ಯಾವ ಫೋನಿನಲ್ಲೂ ಇಲ್ಲ. ಹಳ್ಳಿಯ ಒಬ್ಬೊಬ್ಬರೂ ಒಂದೊಂದು ಯಂತ್ರ ಕೊಳ್ಳೋಕೆ ಆಗಲ್ಲ. ಹಾಗಾಗಿ ಇಡೀ ಊರಿಗೆ ಒಂದು ಯಂತ್ರ, ಆದರೆ ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡು. ನಿಮ್ಮ ಕಾರ್ಡು ತೂರಿಸಿದರೆ ಅದು ನಿಮ್ಮ ಯಂತ್ರ. ಕೆಲಸ ಮುಗಿಸಿ ಕಾರ್ಡು ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು ಹೊರಟರೆ ನಿಮ್ಮ ಲೆಕ್ಕಪತ್ರವೂ ನಿಮ್ಮ ಜೊತೆ ಹೊರಟಿತು. ಯಂತ್ರ ಮುಂದಿನವರಿಗೆ. ನೀವು ಎದ್ದು ಹೋಗುತ್ತೀರಿ ಅನ್ನೋದನ್ನ ಮೊದಲೇ ಒಪ್ಪಿಕೊಂಡು ಮಾಡಿದ ವಸ್ತು ಅದು. ನಾನು ಹತ್ತು ವರ್ಷದಿಂದ ಬರೆಯುತ್ತಿರುವ ಸಾಫ್ಟ್‌ವೇರಿನಲ್ಲಿ ಎದ್ದು ಹೋಗುವವನಿಗೆ ಒಂದು ಕೆಟ್ಟ ಹೆಸರಿದೆ, 'ಡ್ರಾಪ್ ಆಫ್'.

ಓದು ಬರದವರಿಗೂ ಬೇಕಲ್ಲ? ಅದಕ್ಕೆ ರಮೇಶ್ ಹರಿಹರನ್ ಧ್ವನಿ ಅನ್ನೋ ಸಾಫ್ಟ್‌ವೇರ್ ಶುರು ಮಾಡಿದರು. ಕನ್ನಡದಲ್ಲಿ, ಹಿಂದಿಯಲ್ಲಿ ಬರೆದಿದ್ದನ್ನು ಯಂತ್ರ ಓದಿ ಹೇಳುತ್ತಿತ್ತು. ಅದರ ಒಳಗುಟ್ಟು ನಮಗೆ ಗೊತ್ತಿರುವುದೇ. ನಾವು ಬರೆದ ಹಾಗೆ ಓದುವವರು. ಕಾಗುಣಿತದ ಉಚ್ಚಾರಣೆಯ ಸಣ್ಣ ಸಣ್ಣ ಚೂರುಗಳನ್ನು ಮೊದಲೇ ರೆಕಾರ್ಡು ಮಾಡಿ ಇಟ್ಟುಕೊಂಡು, ಪದ ಬಂದಾಗ ಒಂದರ ಪಕ್ಕ ಒಂದು ಅಂಟಿಸಿದರೆ ಮಾತಾಯಿತು. ದನಿ ರೋಬೋ ಥರ, ಆದರೆ ಪುಟ್ಟ ಯಂತ್ರದಲ್ಲಿ ಹಿಡಿಸುವಷ್ಟು ಚಿಕ್ಕದು. ಆಮೇಲೆ ಸಂತೋಷ್ ತೋಟ್ಟಿಂಗಲ್ ಅದನ್ನು ಮಲಯಾಳ ಮತ್ತು ಬೇರೆ ಭಾಷೆಗಳಿಗೂ ಬೆಳೆಸಿದರು. ಮುಕ್ತ ತಂತ್ರಾಂಶವಾಗಿದ್ದರಿಂದ ಯಾರನ್ನೂ ಬೇಡಬೇಕಾಗಿರಲಿಲ್ಲ.

ಸಿಂಪ್ಯೂಟರನ್ನು ನಾನು ಕಣ್ಣಲ್ಲಿ ನೋಡಿದ್ದು ತೀರ ಈಚೆಗೆ. ನಾವು ಬಾಡಿಗೆಗಿರೋದು ಬನಶಂಕರಿ ಎರಡನೇ ಹಂತದಲ್ಲಿ. ಕೆಳಗಡೆ ಮನೆಯ ಓನರ್ ಬಿಇಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 2004ರಲ್ಲಿ ಅಮಿಡಾ ಅನ್ನೋ ಹೆಸರಲ್ಲಿ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಾಗ ಅದನ್ನು ತಯಾರು ಮಾಡಿದ್ದು ಬಿಇಎಲ್. ನೀರಿನ ಬಿಲ್ಲು ಕೊಡೋಕೆ ಹೋದಾಗ ಮಾತು ಈ ಕಡೆ ಬಂತು. ಒಳಗೆ ಹೋಗಿ ಒಂದು ಹಳೇ ಸ್ವೀಟ್ ಡಬ್ಬದಿಂದ ತೆಗೆದುಕೊಂಡು ಬಂದರು. ಬ್ಯಾಟರಿ ಸತ್ತು ಎಷ್ಟೋ ವರ್ಷ ಆಗಿದೆ. 'ಕೈ ಹೀಗೆ ಅಲುಗಿಸಿದ್ರೆ ಪುಟ ತಿರುಗ್ತಿತ್ತು ಕಣ್ರೀ' ಅಂತ ಆಡಿಸಿ ತೋರಿಸಿದರು. ನಿಜ, ಚಲನೆ ಗೊತ್ತಾಗುವ ಸೆನ್ಸರ್ ಅದರಲ್ಲಿ ಆಗಲೇ ಇತ್ತು. ಐಫೋನ್ ಬಂದಿದ್ದು 2007ರಲ್ಲಿ.

'ಮತ್ತೆ ಯಾಕೆ ಸಾರ್ ಓಡಲಿಲ್ಲ?' ಅಂದೆ.

'ಯಾರಿಗೆ ಬೇಕಿತ್ತು ಹೇಳಿ? ಬಡವರಿಗೆ ಹತ್ತು ಸಾವಿರ ಜಾಸ್ತಿ ಆಯ್ತು. ದುಡ್ಡಿದ್ದೋರಿಗೆ ಲ್ಯಾಪ್‌ಟಾಪ್ ಇತ್ತು. ಅಷ್ಟೊತ್ತಿಗೆ ಮೊಬೈಲ್ ಬಂದ್ಬಿಡ್ತು.' ಡಬ್ಬದ ಮುಚ್ಚಳ ಹಾಕಿದರು. ಕರ್ನಾಟಕ ಸರ್ಕಾರ ಭೂದಾಖಲೆಯ ಕೆಲಸಕ್ಕೆ ಕೆಲವನ್ನು ಬಳಸಿತ್ತು. ಒಟ್ಟು ಮಾರಾಟ ಆಗಿದ್ದು ಕೆಲವೇ ಸಾವಿರ.

ಇದನ್ನು ಆಫೀಸಿನ ಗೆಳೆಯನಿಗೆ ಹೇಳಿದೆ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಕಾಫಿ ಕುಡಿಯುತ್ತಾ ನಿಂತಿದ್ದೆವು. ಅವನು ನಕ್ಕ. 'ನೀನೇ ಉತ್ತರ ಹೇಳ್ಬಿಟ್ಯಲ್ಲ ಗುರು. ಒಳ್ಳೇ ಮನಸ್ಸಿಂದ ಮಾಡಿದ್ರು, ಯಾರೂ ತಗೊಳ್ಳಲಿಲ್ಲ. ಆಪ್ ತೆಗೆಯದ ಮಗೂಗೆ ನೀನು ಏನು ಕಲಿಸ್ತೀಯ? ಸ್ಟ್ರೀಕ್ ಇಲ್ದಿದ್ರೆ ನಿನ್ನ ಅಕ್ಕನ ಮಗಳು ಆ ಹೊತ್ತಲ್ಲಿ ರೀಲ್ಸ್ ನೋಡ್ತಿದ್ಲು. ಭಿನ್ನರಾಶಿನ ಮುಖನಾದ್ರೂ ನೋಡಿದ್ಲಲ್ಲ. ಇನ್ನೊಂದು ವಿಷ್ಯ, ಅವರಿಗೆಲ್ಲ ಸರ್ಕಾರದ ಸಂಬಳ. ಮಗು ಬಿಟ್ಟು ಹೋದ್ರೆ ಅವರ ಮನೆ ಒಲೆ ಆರಲ್ಲ. ನಿನ್ನ ಕನಕಪುರ ರೋಡ್ ಫ್ಲಾಟಿನ ಇಎಂಐ ಯಾರು ಕಟ್ತಾರೆ?'

ಇದು ಸುಲಭಕ್ಕೆ ತಳ್ಳಿಹಾಕುವ ಮಾತಲ್ಲ. ಎರಡು ವಾರ ಇದನ್ನೇ ಮೆಲುಕು ಹಾಕಿದೆ. ಸಂಬಳ ಎಲ್ಲಿಂದ ಬರುತ್ತೆ ಅನ್ನೋದರ ಮೇಲೆ ಒಳ್ಳೆಯತನ ನಿಂತಿದೆಯಾ? ಸ್ವಲ್ಪ ಮಟ್ಟಿಗೆ ಹೌದು ಅಂತ ಒಪ್ಪಿಕೊಳ್ಳಬೇಕು. ಆದರೆ ಆ ಸರ್ಕಾರದ ದುಡ್ಡಿನಲ್ಲೇ ನಾನೂ ಓದಿದವನು. ಊರಿನ ಸರ್ಕಾರಿ ಶಾಲೆ, ಸಿಇಟಿಯಲ್ಲಿ ಸಿಕ್ಕ ಸರ್ಕಾರಿ ಸೀಟು. ನಮ್ಮ ಗಣಿತದ ಮೇಷ್ಟ್ರು ಹತ್ತನೇ ಕ್ಲಾಸಿನ ಕೊನೆಯಲ್ಲಿ 'ಇನ್ನು ನನ್ನ ಹತ್ರ ಬರಬೇಡ ಕಣೋ, ನನ್ನ ಹತ್ರ ಇದ್ದಿದ್ದು ಮುಗೀತು, ಅರಸೀಕೆರೆಗೆ ಹೋಗು' ಅಂದಿದ್ದರು. ಅವರ ಪಾಲಿಗೆ ನಾನು ಡ್ರಾಪ್ ಆಫ್. ಅವತ್ತು ಅವರ ಮುಖದಲ್ಲಿ ಬೇಜಾರು ಇರಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ.

ಗೆಳೆಯನ ಮಾತಿನಲ್ಲಿ ಒಂದು ಜಾಗ ಸಡಿಲ ಇದೆ ಅಂತ ಆಮೇಲೆ ಹೊಳೆಯಿತು. ಮಗು ಆಪ್ ತೆಗೆಯೋ ಹಾಗೆ ಮಾಡುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಮೇಷ್ಟ್ರು ಕೂಡ ಕಥೆ ಹೇಳಿ, ಜೋಕು ಹೊಡೆದು, ಕೆಲವು ಸಲ ಕಡ್ಲೇಮಿಠಾಯಿ ಕೊಟ್ಟು ಕೂರಿಸಿಕೊಳ್ಳುತ್ತಿದ್ದರು. ತೆಗೆಸಿದ ಮೇಲೆ ಏನಾಯಿತು ಅಂತ ಕೇಳದೆ ಇರುವುದು ತಪ್ಪು. ಕೇಳಿದರೆ ಬೇಡವಾದ ಉತ್ತರ ಬರಬಹುದು ಅಂತ ಗೊತ್ತಿದ್ದೇ ಕೇಳದಿರುವುದು ಇನ್ನೂ ತಪ್ಪು. ನಾವು ಅದನ್ನೇ ಮಾಡಿದ್ದು. ಸುಳಿವು ನೋಡಿ ಒತ್ತಿದ್ದನ್ನೂ ತಾನೇ ಮಾಡಿದ್ದನ್ನೂ ಒಂದೇ ಖಾನೆಗೆ ಹಾಕಿ 'ಪೂರ್ತಿ' ಅಂತ ಬರೆದೆವು. ಸುಳ್ಳು ಎಲ್ಲಿದೆ ಅಂತ ಹುಡುಕುತ್ತಿದ್ದೆನಲ್ಲ, ಆ ಒಂದು ಪದದಲ್ಲಿತ್ತು.

ಕೇಳಿದವರೂ ಇದ್ದಾರೆ. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ನಮ್ಮ ಕಡೆಯ ಕೆಲವು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಕಂಪ್ಯೂಟರು ಬಂದಿದ್ದವು. ಅಜೀಂ ಪ್ರೇಮ್‌ಜಿ ಫೌಂಡೇಷನ್‌ನವರು ಮಾಡಿಸಿದ ಕನ್ನಡದ ಪಾಠದ ಸಿಡಿಗಳನ್ನು ಹಾಕಿ ಮಕ್ಕಳು ಆಟ ಆಡುತ್ತಾ ಕಲಿಯಬೇಕು ಅನ್ನೋದು ಯೋಜನೆ. ಒಂದು ಕಂಪ್ಯೂಟರಿನ ಮುಂದೆ ಮೂರು ಮೂರು ಜನ ಕೂತು ಮೌಸಿಗಾಗಿ ಕಿತ್ತಾಡಿದ್ದನ್ನು ನನ್ನ ಚಿಕ್ಕಪ್ಪನ ಮಗ ಈಗಲೂ ಹೇಳುತ್ತಾನೆ. ಅವನಿಗೆ ಆ ಆಟಗಳು ತುಂಬ ಇಷ್ಟವಾಗಿದ್ದವು. ಕೆಲವು ವರ್ಷ ನಡೆಸಿದ ಮೇಲೆ ಆ ಫೌಂಡೇಷನ್‌ನವರು, ನಾವು ನಿರೀಕ್ಷೆ ಮಾಡಿದ ಬದಲಾವಣೆ ಇದರಿಂದ ಆಗಲಿಲ್ಲ, ಮೇಷ್ಟ್ರುಗಳ ಜೊತೆ ಕೆಲಸ ಮಾಡದೆ ಬೇರೆ ದಾರಿ ಇಲ್ಲ ಅಂತ ಬಹಿರಂಗವಾಗಿ ಹೇಳಿ ಆ ಕಡೆ ಹೊರಳಿದರು. ಅಷ್ಟು ಸಿಡಿ, ಅಷ್ಟು ದುಡ್ಡು, ಅಷ್ಟು ಶ್ರಮದ ನಂತರ ಹಾಗೆ ಹೇಳೋದು ಚಿಕ್ಕ ಮಾತಲ್ಲ. ನಮ್ಮ ಕ್ಷೇತ್ರದಲ್ಲಿ ನನಗೆ ಗೌರವ ಹುಟ್ಟಿಸಿದ ಕೆಲಸಗಳ ಪಟ್ಟಿ ಮಾಡು ಅಂದರೆ, ಯಶಸ್ವಿಯಾದ ಎಷ್ಟೋ ಆಪ್‌ಗಳಿಗಿಂತ ಮೇಲೆ ಅದನ್ನು ಬರೆಯುತ್ತೇನೆ.

ಇನ್ನು ನಾನು ಏನು ಮಾಡಿದೆ? ನೀವು ಕೇಳುತ್ತೀರಿ ಅಂತ ಗೊತ್ತು. ಕೆಲಸ ಬಿಡಲಿಲ್ಲ.

ಒಂದು ರಾತ್ರಿ ಕೆಟ್ಟ ಯೋಚನೆಯೊಂದು ಬಂದಿತ್ತು. ಎಷ್ಟು ತಪ್ಪಿಗೆ ಸುಳಿವು ಕೊಡಬೇಕು ಅನ್ನೋದು ಒಂದು ಸೆಟ್ಟಿಂಗು, ಒಂದೇ ಅಂಕಿ. ಅದನ್ನು ಬದಲಾಯಿಸುವ ಅಧಿಕಾರ ನನ್ನ ಲಾಗಿನ್‌ಗೆ ಇದೆ. ಎರಡು ಇರೋದನ್ನ ಐದು ಮಾಡಿದರೆ ಯಾರಿಗೂ ಒಂದು ವಾರ ಗೊತ್ತಾಗುವುದಿಲ್ಲ. ಬೆರಳು ಕೀಬೋರ್ಡಿನ ಮೇಲೆ ಇತ್ತು. ಮಾಡಲಿಲ್ಲ. ಸಿಕ್ಕಿಹಾಕಿಕೊಳ್ಳುವ ಭಯ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದೊಂದೇ ಅಲ್ಲ. ಲಕ್ಷಾಂತರ ಮಕ್ಕಳಿಗೆ ಯಾವುದು ಒಳ್ಳೇದು ಅಂತ ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಅರ್ಧರಾತ್ರಿ ನಾನೊಬ್ಬ ಕೂತು ತೀರ್ಮಾನ ಮಾಡಿದರೆ, ಎಂಟು ನಲವತ್ತರ ಸೂಚನೆಗೂ ಇದಕ್ಕೂ ಏನು ವ್ಯತ್ಯಾಸ? ಐದು ತಪ್ಪಿಗೆ ಸುಳಿವು ಬಂದರೆ ಮಕ್ಕಳು ಕಲಿಯುತ್ತಾರೆ ಅಂತ ನನಗಾದರೂ ಏನು ಗ್ಯಾರಂಟಿ?

ಕೊನೆಗೆ ಎಲ್ಲರಿಗೂ ಕಾಣುವ ಹಾಗೆ ಒಂದು ಟಿಕೆಟ್ ಬರೆದೆ. ಪಾಠ 'ಪೂರ್ತಿ' ಆಗಿ ಒಂದು ವಾರದ ನಂತರ ಅದೇ ವಿಷಯದ ಐದು ಪ್ರಶ್ನೆ, ಸುಳಿವಿಲ್ಲದೆ. ಬಂದ ಫಲಿತಾಂಶವನ್ನು ಈಗಿನ ಏರುಗೆರೆಯ ಪಕ್ಕದಲ್ಲೇ ಹಾಕಬೇಕು, ಅಪ್ಪ ಅಮ್ಮನಿಗೂ ಕಾಣಬೇಕು. ಜೊತೆಗೆ ತಪ್ಪು ಉತ್ತರವನ್ನು ಸಂಖ್ಯಾರೇಖೆಯ ಮೇಲೆ ತೋರಿಸುವ ಒಂದು ಸಣ್ಣ ಮಾದರಿ, ಎರಡು ಶನಿವಾರ ಕೂತು ಮಾಡಿದೆ. ಮೀಟಿಂಗಿನಲ್ಲಿ ತೋರಿಸಿದಾಗ ಎಲ್ಲರೂ ಚೆನ್ನಾಗಿದೆ ಅಂದರು. ಫಲಿತಾಂಶ ಅಪ್ಪ ಅಮ್ಮನಿಗೆ ಕಾಣಬೇಕು ಅನ್ನೋ ಸಾಲಿಗೆ ಬಂದಾಗ ಒಂದಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಮುಂದಿನ ಕ್ವಾರ್ಟರ್ ನೋಡೋಣ ಅಂತಾಯಿತು. ಆ ಕ್ವಾರ್ಟರ್ ಮುಗಿದು ಇನ್ನೊಂದು ನಡೆಯುತ್ತಿದೆ. ಪ್ರತಿ ಎರಡು ವಾರಕ್ಕೊಮ್ಮೆ ಪ್ಲಾನಿಂಗ್ ಮೀಟಿಂಗಿನಲ್ಲಿ ಅದನ್ನು ಮತ್ತೆ ಎತ್ತುತ್ತೇನೆ. ಈಗೀಗ ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ನಗುತ್ತಾನೆ.

ಮೊನ್ನೆ ಭಾನುವಾರ ಅಕ್ಕನ ಫೋನಿನಿಂದ ಹುಡುಗಿ ಮಾತಾಡಿದಳು. ಟಿಸಿ ಸುಟ್ಟು ಊರಲ್ಲಿ ಎರಡು ದಿನ ಕರೆಂಟು ಇರಲಿಲ್ಲವಂತೆ, ಫೋನು ಚಾರ್ಜ್ ಇಲ್ಲದೆ ಸ್ಟ್ರೀಕ್ ಹೋಯಿತಂತೆ. ಅಳುತ್ತಾಳೆ ಅಂದುಕೊಂಡೆ. ಅತ್ತಿದ್ದು ಆಗಿತ್ತಂತೆ. ಮತ್ತೆ ಒಂದರಿಂದ ಶುರು ಮಾಡಿದ್ದಾಳೆ, ಇವತ್ತಿಗೆ ನಾಲ್ಕು ದಿನ. ಏನು ಹೇಳಬೇಕೋ ತಿಳಿಯದೆ, 'ಆಪ್ ಬಿಡು, ಒಂದು ಲೆಕ್ಕ ಹೇಳ್ತೀನಿ, ಮೂರನೇ ಒಂದಕ್ಕೆ ಕಾಲು ಕೂಡಿಸು' ಅಂದೆ.

ಆ ಕಡೆಯಿಂದ ತುಂಬ ಹೊತ್ತು ಸದ್ದೇ ಇಲ್ಲ. ಹಿಂದೆ ಕೋಳಿ ಕೂಗುವುದು, ಅಕ್ಕ ಯಾರನ್ನೋ ಬೈಯುವುದು ಕೇಳುತ್ತಿತ್ತು. ಲೈನು ಕಟ್ಟಾಯಿತೇನೋ ಅಂದುಕೊಳ್ಳುವಷ್ಟರಲ್ಲಿ ಅವಳು ಕೇಳಿದಳು:

'ಸೇರಲ್ಲಿ ಮೂರನೇ ಒಂದು ಪಾಲಿಗೆ ಅಳತೆನೇ ಇಲ್ವಲ್ಲ ಮಾವ, ಇದನ್ನ ಯಾವುದ್ರಲ್ಲಿ ಅಳೀಲಿ?'